ದೂರಿನಕ್ಕನ ಎರಡು ‘ಆಯ್ತು’

ಬೆಳಿಗ್ಗೆ ಐದೂ ಮುಕ್ಕಾಲು. ಆಸ್ಪತ್ರೆಯ ಹಳೇ ಕಟ್ಟಡದ ಮೂರನೇ ಮಹಡಿ. ಕಿಟಕಿಯಾಚೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಾರ್ಡಿನಲ್ಲಿ ಇಪ್ಪತ್ತೆಂಟು ಮಂಚ, ಇಪ್ಪತ್ತೇಳು ಗೊರಕೆ. ಗೊರಕೆ ಹೊಡೆಯದೆ ಕಣ್ಣು ಬಿಟ್ಟುಕೊಂಡು ಮಲಗಿರುವವರು ಹದಿನೇಳನೇ ಮಂಚದ ಅಂಚೆಯಜ್ಜ ಒಬ್ಬರೇ. ನಲವತ್ತು ವರ್ಷ ಮನೆಮನೆಗೆ ಕಾಗದ ಹಂಚಿದವರು, ಈಗ ಸೊಂಟ ಹಿಡಿದು ಮಲಗಿದ್ದಾರೆ. ಅವರ ಮಂಚದ ಪಕ್ಕ ಒಬ್ಬ ಹೆಂಗಸು ಬಂದು ನಿಲ್ಲುತ್ತಾರೆ. ಕೊರಳಲ್ಲಿ ಗುರುತಿನ ಚೀಟಿ, ಕಾಲಲ್ಲಿ ಸದ್ದು ಮಾಡದ ಬಟ್ಟೆಯ ಶೂ, ಕೈಯಲ್ಲಿ ಚೌಕಳಿ ಗೆರೆಯ ನೋಟ್ ಪುಸ್ತಕ.

‘ಒತ್ಲಾ ಅಜ್ಜ?’

‘ಒತ್ತಮ್ಮ. ಕೇಳಿ ಒತ್ತೋರು ನೀನೊಬ್ಬಳೇ.’

ತಲೆದಿಂಬಿನ ಪಕ್ಕ ತೂಗುವ ಕರೆಗಂಟೆಯ ಗುಂಡಿಯನ್ನು ಒತ್ತಿ, ಅವರು ಮನಸ್ಸಿನಲ್ಲೇ ಎಣಿಸುತ್ತಾರೆ. ಎರಡಕ್ಕೆ ಬಾಗಿಲ ಮೇಲಿನ ಕೆಂಪು ದೀಪ ಹತ್ತುತ್ತದೆ. ದೂರದ ನರ್ಸ್ ಮೇಜಿನಲ್ಲಿ ‘ಟಿಣ್’ ಎನ್ನುತ್ತದೆ. ಹನ್ನೊಂದಕ್ಕೆ ನರ್ಸ್ ಬಂದು, ‘ಓ, ನೀವಾ ಅಕ್ಕ’ ಎಂದು ಆಕಳಿಸಿ ವಾಪಸು ಹೋಗುತ್ತಾಳೆ. ನೋಟ್ ಪುಸ್ತಕದಲ್ಲಿ ಒಂದು ಸಾಲು ಬೀಳುತ್ತದೆ: ‘ಹದಿನೇಳು. ಹೊಡೀತು.’

ನೋಡಿದವರು ಇವರನ್ನು ನರ್ಸ್ ಎಂದುಕೊಳ್ಳುತ್ತಾರೆ, ಇಲ್ಲವೇ ಗಂಟೆ ರಿಪೇರಿಯವರು ಎಂದುಕೊಳ್ಳುತ್ತಾರೆ. ಎರಡೂ ತಪ್ಪು. ಇವರು ಸಾಫ್ಟ್‌ವೇರ್ ಎಂಜಿನಿಯರ್. ಆ ಹುದ್ದೆಯ ಹೆಸರು ಕೇಳಿದರೆ ಗಾಜಿನ ಕಟ್ಟಡ, ತಣ್ಣನೆಯ ಕೋಣೆ, ಕೈಯಲ್ಲೊಂದು ಕಾಫಿ ಲೋಟ ಎಂದೆಲ್ಲ ಕಣ್ಣ ಮುಂದೆ ಬಂದರೆ, ದಯವಿಟ್ಟು ಅದನ್ನು ಅಲ್ಲೇ ಬಿಟ್ಟು ಬನ್ನಿ. ಇವರ ಕೋಣೆ ಇರುವುದು ಹಳೇ ಕಟ್ಟಡದ ಮೆಟ್ಟಿಲ ಕೆಳಗೆ. ಬಾಗಿಲ ಮೇಲೆ ಇವತ್ತಿಗೂ ‘ಪೊರಕೆ ಮತ್ತು ಬಕೆಟ್’ ಎಂಬ ಬೋರ್ಡು ಇದೆ. ಇಪ್ಪತ್ಮೂರು ವರ್ಷದಿಂದ ಅದನ್ನು ತೆಗೆಸಬೇಕು ಅಂದುಕೊಳ್ಳುತ್ತಲೇ ಇದ್ದಾರೆ. ಆದರೆ ಬೋರ್ಡು ನೋಡಿ ಯಾರೂ ಸುಮ್ಮಸುಮ್ಮನೆ ಒಳಗೆ ಬರುವುದಿಲ್ಲವಾದ್ದರಿಂದ ಅದೇ ಅನುಕೂಲವಾಗಿದೆ. ತಲೆಯ ಮೇಲೆ ಮೆಟ್ಟಿಲಿಳಿಯುವ ಹೆಜ್ಜೆಯ ಸದ್ದಿನಲ್ಲೇ ಯಾವ ಡಾಕ್ಟರು ಬಂದರು, ಯಾರಿಗೆ ಕೋಪ ಬಂದಿದೆ ಎಂದು ಹೇಳಬಲ್ಲರು.

ಆರುನೂರ ನಲವತ್ತು ಹಾಸಿಗೆಯ ಆಸ್ಪತ್ರೆ ಇದು. ಎಲ್ಲೋ ನಲ್ಲಿ ಸೋರುತ್ತದೆ, ಎಲ್ಲೋ ಫ್ಯಾನು ನಿಲ್ಲುತ್ತದೆ, ಎಲ್ಲೋ ರೋಗಿಯ ಗಂಟೆ ಸಾಯುತ್ತದೆ. ನರ್ಸ್ ತನ್ನ ಮೇಜಿನ ಪರದೆಯಲ್ಲಿ ಒಂದು ದೂರು ಬರೆದರೆ ಅದು ಸಂಬಂಧಪಟ್ಟ ಕೆಲಸಗಾರನ ಕೈಯಲ್ಲಿರುವ ಯಂತ್ರಕ್ಕೆ ಹೋಗಿ ಪೀ ಪೀ ಅನ್ನುತ್ತದೆ. ದಿನಕ್ಕೆ ನೂರ ಹದಿನೆಂಟು ದೂರು, ಸರಾಸರಿ. ಆ ಇಡೀ ಏರ್ಪಾಡಿನ ಪ್ರೋಗ್ರಾಂ ಬರೆದದ್ದು ಇವರು, ಕಾಯುತ್ತಿರುವುದೂ ಇವರೇ. ಇಂಥ ದೂರಿಗೆ ಕಂಪ್ಯೂಟರಿನವರು ಎಲ್ಲ ಕಡೆ ‘ಟಿಕೆಟ್’ ಅನ್ನುತ್ತಾರೆ. ಹೊಸದಾಗಿ ಸೇರಿದಾಗ ಇವರೂ ಹಾಗೇ ಅಂದಿದ್ದರು. ‘ದಿನಕ್ಕೆ ನೂರು ಟಿಕೆಟ್ ಬರುತ್ತೆ’ ಎಂದದ್ದಕ್ಕೆ ಕಚೇರಿಯ ಹಳೇ ಗುಮಾಸ್ತರು ಕನ್ನಡಕ ಸರಿಪಡಿಸಿಕೊಂಡು, ‘ಯಾವ ರೂಟಿನ ಬಸ್ಸಮ್ಮ?’ ಎಂದು ಕೇಳಿದರಂತೆ. ಅವತ್ತೇ ಆ ಪದ ಬಿಟ್ಟರು. ದೂರು ಎಂದೇ ಕರೆದರು, ‘ದೂರಿನಕ್ಕ’ ಎಂದೇ ಹೆಸರಾದರು.

ಕೈಗಡಿಯಾರ ರಿಪೇರಿ ಮಾಡುತ್ತಿದ್ದ ಅಪ್ಪನ ಅಂಗಡಿಯಲ್ಲಿ, ಸಣ್ಣ ಸಣ್ಣ ತಿರುಪುಗಳನ್ನು ಮುಚ್ಚಳದಲ್ಲಿ ಹಾಕಿ ಕಾಯುವ ಕೆಲಸದಿಂದ ಶುರುವಾದ ಬದುಕು ಇವರದು. ‘ಗಡಿಯಾರ ನಿಂತಿದೆ ಅಂತ ತಂದವರ ಮಾತು ಕೇಳು. ಆಮೇಲೆ ನೀನೇ ಕಿವಿಗಿಟ್ಟು ನೋಡು’ ಎನ್ನುತ್ತಿದ್ದರಂತೆ ಅಪ್ಪ. ಎಲೆಕ್ಟ್ರಾನಿಕ್ಸ್ ಓದಿ ಮುಗಿಸಿದ ಮೇಲೆ ಜೊತೆಯವರೆಲ್ಲ ದೊಡ್ಡ ದೊಡ್ಡ ಕಂಪನಿ ಸೇರಿದರು. ಇವರು ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆಗೆ ಬಂದರು. ಕೆಲಸ ಕಾಯಂ ಅಲ್ಲ, ಹನ್ನೊಂದು ತಿಂಗಳ ಕರಾರು. ಪ್ರತೀ ಹನ್ನೊಂದು ತಿಂಗಳಿಗೊಮ್ಮೆ ಕಡತ ಮೇಲಧಿಕಾರಿಯ ಮೇಜಿಗೆ ಹೋಗುತ್ತದೆ, ಸಹಿ ಬೀಳುವವರೆಗೆ ಇವರು ಉಗುರು ಕಚ್ಚುತ್ತಾರೆ. ಇಪ್ಪತ್ನಾಲ್ಕು ಸಲ ಹಾಗೆ ಕಚ್ಚಿ ಈಗ ಉಗುರಿನ ಮೇಲೇ ಬೇಜಾರು ಬಂದಿದೆಯಂತೆ.

ಮನೆಯಲ್ಲಿ ಮೂವರು. ಗಂಡ ಕಾರು ಓಡಿಸಲು ಕಲಿಸುವ ಮೇಷ್ಟ್ರು. ಅತ್ತೆಗೆ ಎಂಬತ್ತೊಂದು, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಐವತ್ತೊಂದನೇ ವಯಸ್ಸಿನಲ್ಲಿ ಸೊಸೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಭಾನುವಾರ ಮಧ್ಯಾಹ್ನ ಯಂತ್ರಕಲಿಕೆಯ ಪಾಠ ಕೇಳಲು ಕೂತಾಗ ಅತ್ತೆ ವಿಚಾರಿಸಿದರು: ಯಾರಿಗೆ ಕಲಿಸೋ ಪಾಠ ಇದು? ಯಂತ್ರಕ್ಕೆ ಎಂದರು ಸೊಸೆ. ‘ಹಾಗಾದ್ರೆ ನಮ್ಮ ಬಟ್ಟೆ ಒಗೆಯೋ ಯಂತ್ರಕ್ಕೆ ಮೊದಲು ಕಲಿಸು. ವಾರಕ್ಕೊಂದು ಕಾಲುಚೀಲ ನುಂಗುತ್ತೆ.’ ಈ ಅತ್ತೆಯನ್ನು ಓದುಗರು ಮರೆಯಬಾರದು. ಕಥೆಯ ಬೀಗದ ಕೈ ಇರುವುದು ಅವರ ಸೆರಗಿನಲ್ಲೇ.

ಬೀಗ ಯಾವುದೆಂದರೆ, ಒಂದು ಪದ.

ಇಪ್ಪತ್ಮೂರು ವರ್ಷದ ಹಿಂದೆ ಪ್ರೋಗ್ರಾಂ ಬರೆಯುವಾಗ ಕೊನೆಯಲ್ಲಿ ಒಂದು ಗುಂಡಿ ಬೇಕಾಯಿತು. ಕೆಲಸ ಮುಗಿದ ಮೇಲೆ ಕೆಲಸಗಾರ ಒತ್ತಬೇಕಾದ ಗುಂಡಿ. ಕಚೇರಿಯವರು ಅದರ ಮೇಲೆ ‘ದೂರನ್ನು ಪರಿಹರಿಸಲಾಗಿದೆ’ ಎಂದು ಹಾಕಲು ಹೇಳಿದರು. ದೂರಿನಕ್ಕನಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಒತ್ತುವವರನ್ನೇ ಕೇಳೋಣ ಎಂದು ಹಳೇ ಕಟ್ಟಡದ ಎಲೆಕ್ಟ್ರಿಷಿಯನ್ ಬಳಿ ಹೋದರು. ಇಡೀ ಆಸ್ಪತ್ರೆ ಅವರನ್ನು ಕರೆಂಟಣ್ಣ ಎನ್ನುತ್ತದೆ. ಕರೆಂಟಣ್ಣ ಏಣಿಯ ಮೇಲಿಂದಲೇ, ‘ಅಷ್ಟುದ್ದ ಯಾರು ಓದ್ತಾರಮ್ಮ? ಆಯ್ತು ಅಂತ ಹಾಕು, ಮುಗೀತು’ ಎಂದರು. ಹಾಗೇ ಹಾಕಿದರು. ದುಡಿಯುವವರ ಬಾಯಿಮಾತನ್ನೇ ಪರದೆಗೆ ತಂದೆನಲ್ಲ ಎಂದು ಅವರಿಗೆ ಒಳಗೊಳಗೇ ಹೆಮ್ಮೆ. ಆ ಹೆಮ್ಮೆ ಎರಡು ವರ್ಷ ಬಾಳಿತು.

ಎರಡನೇ ವರ್ಷ ಹಳೇ ಕಟ್ಟಡದಲ್ಲಿ ಆಪರೇಷನ್ ಆದ ರೋಗಿಯೊಬ್ಬರು ಬೆಳಗಿನ ಜಾವ ಬಾತ್‌ರೂಮಿಗೆ ಹೋಗಬೇಕೆಂದು ಗಂಟೆ ಒತ್ತಿದರು. ಗಂಟೆ ಸತ್ತಿತ್ತು. ಒತ್ತಿ ಒತ್ತಿ ಸಾಕಾಗಿ ತಾವೇ ಇಳಿಯಲು ಹೋಗಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ವಿಚಾರಣೆಗೆ ಕೂತಾಗ ಪರದೆ ತೆಗೆದು ನೋಡಿದರೆ, ಆ ಗಂಟೆಯ ದೂರು ಹಿಂದಿನ ದಿನವೇ ಬಂದಿತ್ತು, ನಾಲ್ಕು ನಿಮಿಷದಲ್ಲಿ ‘ಆಯ್ತು’ ಎಂದೂ ಇತ್ತು. ಕರೆಂಟಣ್ಣನನ್ನು ಕರೆಸಿದರು. ಆ ಮನುಷ್ಯ ಬೆವರು ಒರೆಸಿಕೊಳ್ಳುತ್ತಾ, ‘ಆಯ್ತು, ಬರ್ತೀನಿ ಅಂತ ಒತ್ತಿದ್ದು ಸಾರ್. ಹನ್ನೊಂದು ವಾರ್ಡಿಗೆ ನಾನೊಬ್ಬನೇ’ ಎಂದರು. ಯಾರಿಗೂ ಅದು ತಲೆಗೆ ಹೋಗಲಿಲ್ಲ. ಯಾರದೂ ತಪ್ಪಿಲ್ಲ ಎಂದು ಬರೆದು ಕಡತ ಮುಚ್ಚಿದರು.

ದೂರಿನಕ್ಕನಿಗೂ ತಲೆಗೆ ಹೋದದ್ದು ಆಫೀಸಿನಲ್ಲಿ ಕೂತಾಗ ಅಲ್ಲ. ಅದೇ ವಾರ ಒಂದು ಸಂಜೆ ಬಟ್ಟೆ ಮಡಚುತ್ತಾ, ‘ಅತ್ತೆ, ಮಾತ್ರೆ ತಗೊಳ್ಳಿ’ ಎಂದರು. ‘ಆಯ್ತು’ ಎಂದರು ಅತ್ತೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಮಾತ್ರೆ ತಟ್ಟೆಯಲ್ಲೇ ಇದೆ. ‘ಆಯ್ತು ಅಂದ್ರಲ್ಲ ಅತ್ತೆ?’ ಎಂದರೆ ಅತ್ತೆ ಮೂಗು ಮುರಿದು, ‘ಆಯ್ತು ಅಂದೆ. ನುಂಗಿದೆ ಅಂದ್ನಾ?’ ಎಂದರು.

‘ಕೈಯಲ್ಲಿದ್ದ ಟವೆಲ್ ಕೆಳಗೆ ಬಿತ್ತು’ ಎಂದು ಅದನ್ನು ನೆನೆಯುತ್ತಾರೆ ದೂರಿನಕ್ಕ. ‘ಮುಗೀತು ಅನ್ನೋಕೂ ಆಯ್ತು. ನೀನು ಹೇಳಿದ್ದು ಕಿವಿಗೆ ಬಿತ್ತು ಅನ್ನೋಕೂ ಆಯ್ತು. ನಾನು ಎರಡನ್ನೂ ಒಂದೇ ಗುಂಡಿಗೆ ಹಾಕಿದ್ದೆ. ಪೀ ಪೀ ನಿಲ್ಲಬೇಕಾದ್ರೆ ಕರೆಂಟಣ್ಣ ಏನಾದ್ರೂ ಒತ್ತಲೇಬೇಕಿತ್ತಲ್ಲ. ಆ ಮನುಷ್ಯ ಸುಳ್ಳು ಹೇಳಲಿಲ್ಲ. ನಾನೇ ಅವರ ಬಾಯಲ್ಲಿ ಸುಳ್ಳು ಹೇಳಿಸಿದ್ದು.’

ಮರುದಿನವೇ ಆಗಿನ ಅಧಿಕಾರಿಯ ಬಳಿ ಹೋಗಿ, ಗುಂಡಿ ಬದಲಿಸುತ್ತೇನೆ ಎಂದರು. ದೂರುಗಳು ನಿಮಿಷಗಳಲ್ಲಿ ಮುಗಿಯುತ್ತಿವೆ ಎಂದು ಮೇಲಿನವರಿಂದ ಆಗಷ್ಟೇ ಬೆನ್ನು ತಟ್ಟಿಸಿಕೊಂಡಿದ್ದ ಅವರು, ‘ಚೆನ್ನಾಗಿ ನಡೀತಿರೋದಕ್ಕೆ ಯಾಕಮ್ಮ ಕೈ ಹಾಕ್ತೀಯ?’ ಎಂದು ಕಳಿಸಿಬಿಟ್ಟರು. ಹನ್ನೊಂದು ತಿಂಗಳ ಕಡತ ಬೇರೆ ಅವರ ಮೇಜಿನ ಮೇಲಿತ್ತು. ದೂರಿನಕ್ಕ ಬಾಯಿಗೆ ಬೀಗ ಹಾಕಿಕೊಂಡು ಬಂದರು. ಆದರೆ ಬಿದ್ದ ರೋಗಿಯ ಮುಖ ಬಿಡಲಿಲ್ಲ. ಒಂದು ನೋಟ್ ಪುಸ್ತಕ ತಂದರು. ಹಿಂದಿನ ದಿನ ಪರದೆಯಲ್ಲಿ ‘ಆಯ್ತು’ ಎಂದಿರುವ ಗಂಟೆಗಳಲ್ಲಿ ಒಂದನ್ನು ಆರಿಸಿ, ಬೆಳಗಾಗುವ ಮೊದಲು ಹೋಗಿ ತಾವೇ ಒತ್ತಿ ನೋಡತೊಡಗಿದರು. ಸತ್ತಿದ್ದರೆ ತಮ್ಮ ಹೆಸರಲ್ಲೇ ಹೊಸ ದೂರು ಬರೆದು, ಕರೆಂಟಣ್ಣ ಬರುವವರೆಗೆ ಮಂಚದ ಪಕ್ಕ ನಿಲ್ಲುತ್ತಿದ್ದರು. ಇಪ್ಪತ್ತೊಂದು ವರ್ಷವಾಯಿತು, ದಿನಕ್ಕೊಂದು ಕರೆಗಂಟೆ. ಅದಕ್ಕೆ ಯಾರೂ ಸಂಬಳ ಕೊಟ್ಟಿಲ್ಲ, ಯಾರೂ ಹೇಳಿಯೂ ಇರಲಿಲ್ಲ.

ಇಷ್ಟರಲ್ಲಿ ಆಸ್ಪತ್ರೆಯೆಲ್ಲ ಆ ಗುಂಡಿಗೆ ಒಗ್ಗಿಹೋಯಿತು. ಹಳೇ ಕಟ್ಟಡದ ನರ್ಸ್‌ಗಳು ‘ಆಯ್ತು’ ಬಿದ್ದ ಮೇಲೂ ಒಮ್ಮೆ ಫೋನ್ ಮಾಡಿ, ‘ಅಣ್ಣ, ನಿಜವಾಗ್ಲೂ ಆಯ್ತಾ?’ ಎಂದು ಕೇಳುವುದು ರೂಢಿಯಾಯಿತು. ಹನ್ನೆರಡು ವರ್ಷದ ಹಿಂದೆ ಎದ್ದ ಹೊಸ ಕಟ್ಟಡದಲ್ಲಿ ಮಾತ್ರ ಬೇರೆ ಕ್ರಮ: ಅಲ್ಲಿ ನರ್ಸ್ ಬಂದು ನೋಡಿ ಸಹಿ ಹಾಕದೆ ಯಾರೂ ಗುಂಡಿ ಒತ್ತುವಂತಿಲ್ಲ. ಹೀಗಾಗಿ ಪರದೆಯ ಪ್ರಕಾರ ಹೊಸ ಕಟ್ಟಡದಲ್ಲಿ ಒಂದು ಗಂಟೆ ಸರಿಯಾಗಲು ನಲವತ್ಮೂರು ನಿಮಿಷ ಹಿಡಿಯುತ್ತದೆ. ಹಳೇ ಕಟ್ಟಡದಲ್ಲಿ ಮೂರೇ ನಿಮಿಷ. ಅದು ನಿಜವಲ್ಲ ಎಂದು ಅಲ್ಲಿ ಓಡಾಡುವ ಪ್ರತಿಯೊಬ್ಬರಿಗೂ ಗೊತ್ತು. ‘ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಯಾರೂ ಬರೆದಿಡಲಿಲ್ಲ’ ಎನ್ನುತ್ತಾರೆ ದೂರಿನಕ್ಕ.

ಗೊತ್ತಿಲ್ಲದವರು ಒಬ್ಬರು ಬಂದದ್ದು ಈ ವರ್ಷ. ಒಬ್ಬರು ಎಂದರೆ ಮನುಷ್ಯರಲ್ಲ, ಹೊಸ ಯಂತ್ರವಿದ್ಯೆ. ಹಿಂದೆ ಆದದ್ದನ್ನೆಲ್ಲ ಓದಿಕೊಂಡು ಮುಂದೆ ಆಗುವುದನ್ನು ಊಹಿಸುವ ಪ್ರೋಗ್ರಾಂ. ಯಾವ ವಾರ್ಡಿಗೆ ಎಷ್ಟು ಕೆಲಸಗಾರರು ಬೇಕು, ಯಾವ ದೂರಿಗೆ ಮೊದಲು ಓಡಬೇಕು ಎಂದು ಇನ್ನು ಮುಂದೆ ಅದೇ ಹೇಳಲಿದೆ ಎಂದು ಆಸ್ಪತ್ರೆಯ ಈಗಿನ ಅಧೀಕ್ಷಕರು ಸಭೆಯಲ್ಲಿ ಸಾರಿದರು. ಅದಕ್ಕೆ ಪಾಠವಾಗಿ ಕೊಟ್ಟದ್ದು ದೂರಿನಕ್ಕನ ಇಪ್ಪತ್ಮೂರು ವರ್ಷದ ದಾಖಲೆ, ಹತ್ತು ಲಕ್ಷಕ್ಕೆ ಸ್ವಲ್ಪ ಕಡಿಮೆ ದೂರುಗಳು. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ನಾಲ್ಕು ಉತ್ತರ ಸರಿ ಬಂತು. ಚಪ್ಪಾಳೆ ಬಿತ್ತು. ದೂರಿನಕ್ಕನೂ ತಟ್ಟಿದರು. ಭಾನುವಾರದ ಪಾಠ ಕೇಳಿದ್ದರಿಂದ ಅದು ಸಣ್ಣ ಸಾಧನೆಯಲ್ಲ ಎಂದು ಅವರಿಗೆ ಗೊತ್ತಿತ್ತು.

ಚಪ್ಪಾಳೆ ಮುಗಿದ ಮೇಲೆ ಪರದೆಯ ಮೇಲೆ ಪಟ್ಟಿ ಬಂತು. ತೀರಾ ಕಡಿಮೆ ಗಮನ ಸಾಕು ಎಂದು ಯಂತ್ರ ಹೇಳಿದ ವಾರ್ಡು: ಹಳೇ ಕಟ್ಟಡ, ಮೂರನೇ ಮಹಡಿ. ಕಾರಣ: ದೂರುಗಳು ಮೂರು ನಿಮಿಷದಲ್ಲಿ ಪರಿಹಾರ. ಸಲಹೆ: ಅಲ್ಲಿನ ಎಲೆಕ್ಟ್ರಿಷಿಯನ್‌ನನ್ನು ಹೊಸ ಕಟ್ಟಡಕ್ಕೆ ಕಳಿಸುವುದು, ಹಳೇ ಕಟ್ಟಡಕ್ಕೆ ವಾರದಲ್ಲಿ ಎರಡು ದಿನ ಮಾತ್ರ. ಜಾರಿ: ಮುಂದಿನ ಸೋಮವಾರ.

ದೂರಿನಕ್ಕ ಆ ಸಲಹೆಯನ್ನು ಎರಡು ಸಲ ಓದಿದರು. ‘ಮೂರು ನಿಮಿಷದಲ್ಲಿ ಕರೆಂಟಣ್ಣ ಒಂದು ಮಹಡಿ ಹತ್ತೋದೂ ಇಲ್ಲ, ಮಂಡಿ ನೋವು. ಯಂತ್ರಕ್ಕೂ ನನಗೂ ವ್ಯತ್ಯಾಸ ಅಷ್ಟೇ ನೋಡಿ. ನನಗೆ ಕರೆಂಟಣ್ಣನ ಮಂಡಿ ಗೊತ್ತು’ ಎನ್ನುತ್ತಾರೆ ಅವರು. ಈಗ ಹೇಳುವಾಗ ನಗುತ್ತಾರೆ, ಅವತ್ತು ನಗು ಬಂದಿರಲಿಲ್ಲ. ಸೋಮವಾರದಿಂದ ಆ ವಾರ್ಡಿನ ಇಪ್ಪತ್ತೆಂಟು ಮುದುಕರು ಗಂಟೆ ಒತ್ತಿದರೆ ಕೇಳುವವರಿಲ್ಲ. ಅದನ್ನು ತಡೆಯಬೇಕಾದರೆ, ನೀವು ಯಂತ್ರಕ್ಕೆ ಕೊಟ್ಟ ಪಾಠವೇ ತಪ್ಪು, ಆ ತಪ್ಪನ್ನು ಮಾಡಿದ್ದು ನಾನು, ಇಪ್ಪತ್ತೊಂದು ವರ್ಷದಿಂದ ಗೊತ್ತಿದ್ದೂ ಸುಮ್ಮನಿದ್ದೆ ಎಂದು ಹೇಳಬೇಕು. ಅದೂ ತಮ್ಮ ಕರಾರಿನ ಕಡತ ಮತ್ತೆ ಅಧೀಕ್ಷಕರ ಮೇಜಿನ ಮೇಲಿರುವ ವಾರದಲ್ಲೇ.

ಮೊದಲು ಹೋದದ್ದು ಯಂತ್ರಕ್ಕೆ ಪಾಠ ಮಾಡಿದ ಹೊಸ ತಂಡದ ಮುಖ್ಯಸ್ಥೆಯ ಬಳಿ. ಅವರು ದೂರಿನಕ್ಕನಿಗಿಂತ ಹದಿನೆಂಟು ವರ್ಷ ಚಿಕ್ಕವರು, ಮಾತು ಚುಟುಕು.

‘ಡೇಟಾದಲ್ಲಿ ಹಾಗೆ ಕಾಣಿಸ್ತಿಲ್ವಲ್ಲ ಅಕ್ಕ.’

‘ಹೇಗೆ ಕಾಣಿಸುತ್ತೆ? ಕಾಣಿಸದ ಹಾಗೆ ಬರೆದೋಳು ನಾನೇ ಕಣಮ್ಮ.’

ಮುಖ್ಯಸ್ಥೆ ಎಲ್ಲವನ್ನೂ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು. ‘ನಾನು ಹೇಳಿದ್ರೆ ನಮ್ಮ ಯಂತ್ರದ ತಪ್ಪನ್ನ ಹಳಬರ ತಲೆಗೆ ಕಟ್ತಿದಾಳೆ ಅಂತಾರೆ. ನೀವೇ ಹೇಳ್ಬೇಕಾಗುತ್ತೆ. ನಿಮ್ಮ ಹತ್ತಿರ ತೋರಿಸೋಕೆ ಏನಾದ್ರೂ ಇದೆಯಾ?’

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇತ್ತು. ಹದಿನಾಲ್ಕು ನೋಟ್ ಪುಸ್ತಕ.

ಮನೆಗೆ ಬಂದು ಗಂಡನಿಗೆ ಹೇಳಿದರು. ಅವರು ಕಾರಿನ ಮೇಲಿನ ‘ಕಲಿಯುವವರು’ ಎಂಬ ಫಲಕ ಬಿಚ್ಚುತ್ತಿದ್ದರು. ಎಲ್ಲ ಕೇಳಿ, ತಾವು ಕೂರುವ ಪಕ್ಕದ ಸೀಟಿನ ಮುಂದಿರುವ ಎರಡನೇ ಬ್ರೇಕನ್ನು ಕಾಲಲ್ಲಿ ತಟ್ಟಿ ತೋರಿಸಿದರು. ‘ಕಲಿಯೋರ ಕೈಗೆ ಸ್ಟೀರಿಂಗ್ ಕೊಡ್ತೀನಿ, ಬೇಜಾರಿಲ್ಲ. ಆದ್ರೆ ಇದು ನನ್ನ ಕಾಲಡಿ ಇರುತ್ತೆ. ಇಷ್ಟು ವರ್ಷದಲ್ಲಿ ಇದನ್ನ ಒತ್ತಿದ್ದಕ್ಕೆ ಬೈಸಿಕೊಂಡಿದೀನಿ. ಒತ್ತದೇ ಇದ್ದಿದ್ರೆ ಬೈಯೋಕೂ ಯಾರೂ ಉಳೀತಿರಲಿಲ್ಲ.’ ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಗಂಡ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು ಎಂದು ದೂರಿನಕ್ಕ ಸಾಕ್ಷಿ ಹೇಳುತ್ತಾರೆ.

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಗಂಟೆ ಒತ್ತಿ ನೋಡಿ, ಹತ್ತು ಗಂಟೆಗೆ ನೋಟ್ ಪುಸ್ತಕಗಳನ್ನು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ಅಧೀಕ್ಷಕರ ಕೋಣೆಗೆ ಹೋದರು. ಮೇಜಿನ ಸುತ್ತ ಎಂಟು ಜನ. ಮಾತು ಮರೆತುಹೋದೀತೆಂದು ಬರೆದುಕೊಂಡು ಹೋಗಿದ್ದರು. ಚೀಟಿ ಕೈಯಲ್ಲೇ ಒದ್ದೆಯಾಯಿತು. ಕೊನೆಗೆ ಚೀಟಿ ಬಿಟ್ಟು ಬಾಯಲ್ಲೇ ಹೇಳಿದರು. ಹಳೇ ಕಟ್ಟಡದಲ್ಲಿ ನಾನು ನಾಲ್ಕೂವರೆ ಸಾವಿರ ಗಂಟೆ ಒತ್ತಿ ನೋಡಿದ್ದೇನೆ, ಎಲ್ಲವೂ ಪರದೆಯಲ್ಲಿ ‘ಆಯ್ತು’ ಎಂದಿದ್ದವೇ. ಅದರಲ್ಲಿ ಸಾವಿರದ ಏಳುನೂರು ಸತ್ತಿದ್ದವು. ಹೊಸ ಕಟ್ಟಡದಲ್ಲಿ ಸಾವಿರದ ಎಂಟುನೂರಕ್ಕೆ ಮೂವತ್ತೊಂದು. ನಿಧಾನ ಎಂದು ಯಂತ್ರ ಹೇಳುತ್ತಿರುವ ಕಡೆ ಕೆಲಸ ನಡೆಯುತ್ತಿದೆ, ಚುರುಕು ಎನ್ನುತ್ತಿರುವ ಕಡೆ ಬರೀ ಉತ್ತರ ಬರುತ್ತಿದೆ. ತಪ್ಪು ಯಂತ್ರದ್ದಲ್ಲ, ಕರೆಂಟಣ್ಣನದಲ್ಲ, ನನ್ನ ಗುಂಡಿಯದು.

‘ಇಷ್ಟು ವರ್ಷ ಗೊತ್ತಿದ್ದೂ ಯಾಕಮ್ಮ ಬರೆದು ಕೊಡಲಿಲ್ಲ?’ ಎಂದು ಅಧೀಕ್ಷಕರು ಕೇಳಿದರು.

‘ಹೆದರಿಕೆ ಸಾರ್.’

ಯಾರೋ ಕೆಮ್ಮಿದರು. ತಂಡದ ಮುಖ್ಯಸ್ಥೆ ಒಂದು ನೋಟ್ ಪುಸ್ತಕ ತೆರೆದು ಓದುತ್ತಲೇ ಇದ್ದರು. ಅಧೀಕ್ಷಕರು ಗಡಿಯಾರ ನೋಡಿಕೊಂಡು, ‘ಆಯ್ತು. ಆಯ್ತಮ್ಮ’ ಎಂದು ಮುಂದಿನ ಕಡತಕ್ಕೆ ಕೈ ಹಾಕಿದರು.

ದೂರಿನಕ್ಕ ಏಳಲಿಲ್ಲ.

‘ಯಾವ ಆಯ್ತು, ಸಾರ್?’

ಕೇಳಿದ ಮೇಲೆ ತಾವೇ ನಾಲಿಗೆ ಕಚ್ಚಿಕೊಂಡರಂತೆ. ಆದರೆ ಬಾಯಿಂದ ಹೊರಟಾಗಿತ್ತು, ಇನ್ನರ್ಧವನ್ನೂ ಹೇಳಿಬಿಟ್ಟರು. ‘ಕೇಳಿಸ್ತು ಅನ್ನೋ ಆಯ್ತಾ, ಇಲ್ಲ ನಿಲ್ಲಿಸ್ತೀನಿ ಅನ್ನೋ ಆಯ್ತಾ?’

ಅಧೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಎದ್ದು, ‘ಯಾವ ಹಾಸಿಗೆ? ನಡೀರಿ’ ಎಂದರು.

ಎಂಟೂ ಜನ ಮೆರವಣಿಗೆ ಹೊರಟಂತೆ ಮೂರು ಮಹಡಿ ಹತ್ತಿದರು. ದೂರಿನಕ್ಕ ಹದಿನೇಳನೇ ಮಂಚ ತೋರಿಸಿದರು. ಬೆಳಿಗ್ಗೆ ತಾನೇ ನೋಡಿ, ಹೊಸ ದೂರು ಬರೆದು, ಸಭೆಗೆ ಹೊತ್ತಾದ್ದರಿಂದ ಕಾಯದೆ ಬಂದಿದ್ದ ಗಂಟೆ. ಆ ದೂರಿಗೂ ಪರದೆಯಲ್ಲಿ ಆಗಲೇ ‘ಆಯ್ತು’ ಬಿದ್ದಿತ್ತು. ಕರೆಂಟಣ್ಣ ಒಂದನೇ ಮಹಡಿಯಲ್ಲಿ ಸುಟ್ಟುಹೋದ ತಂತಿಯ ಜೊತೆ ಒದ್ದಾಡುತ್ತಿದ್ದರು. ಅಧೀಕ್ಷಕರು ಸ್ವತಃ ಗುಂಡಿ ಒತ್ತಿದರು. ಕೆಂಪು ದೀಪದ ಕಡೆ ನೋಡಿದರು. ಮತ್ತೆ ಒತ್ತಿದರು. ಅಂಚೆಯಜ್ಜ ಮಲಗಿದ್ದಲ್ಲಿಂದಲೇ ಅವರನ್ನು ಕನಿಕರದಿಂದ ನೋಡಿ ಹೇಳಿದರು:

‘ಅದನ್ನ ಒತ್ತಿದ್ರೆ ಯಾರೂ ಬರಲ್ಲ ಸ್ವಾಮಿ. ಜೋರಾಗಿ ಕೆಮ್ಮಬೇಕು. ಕೆಮ್ಮಿದ್ರೆ ಬರ್ತಾರೆ.’

ಅಧೀಕ್ಷಕರು ಕೆಮ್ಮಲಿಲ್ಲ. ಸೋಮವಾರದ ಜಾರಿಯನ್ನು ಅಲ್ಲೇ ನಿಂತು ನಿಲ್ಲಿಸಿದರು.

ಇದಾಗಿ ನಾಲ್ಕು ತಿಂಗಳು. ಕರೆಂಟಣ್ಣ ಹಳೇ ಕಟ್ಟಡದಲ್ಲೇ ಇದ್ದಾರೆ, ಜೊತೆಗೆ ಇನ್ನೊಬ್ಬರು ಬಂದಿದ್ದಾರೆ. ‘ಮೊದಲು ಓಡಾಡಿ ಸಾಯ್ತಿದ್ದೆ, ಈಗ ಕೆಲಸ ಮಾಡ್ತಿದೀನಿ’ ಎನ್ನುವ ಅವರಿಗೆ ದೂರಿನಕ್ಕನ ಮೇಲೆ ಒಂದೇ ಒಂದು ತಕರಾರು: ಒಂದು ಇದ್ದ ಗುಂಡಿ ಎರಡಾಗಿದೆ. ಮೊದಲನೆಯದರ ಮೇಲೆ ‘ಕೇಳಿಸ್ತು’ ಎಂದಿದೆ. ಒತ್ತಿದರೆ ಪೀ ಪೀ ನಿಲ್ಲುತ್ತದೆ, ದೂರು ನಿಲ್ಲುವುದಿಲ್ಲ. ಎರಡನೆಯದರ ಮೇಲೆ ‘ಹೊಡೀತು’ ಎಂದಿದೆ. ಅದು ಕೆಲಸಗಾರನ ಕೈಯಲ್ಲಿಲ್ಲ. ರೋಗಿ ಗಂಟೆ ಒತ್ತಿ, ನರ್ಸ್ ಮೇಜಿನಲ್ಲಿ ಸದ್ದಾದರೆ ಅದು ತಾನಾಗಿಯೇ ಬೀಳುತ್ತದೆ. ನಲ್ಲಿ, ಫ್ಯಾನುಗಳಿಗೂ ಅವುಗಳದೇ ಮಾತು ಹುಡುಕುವ ಕೆಲಸ ನಡೆದಿದೆ. ‘ಪ್ರೋಗ್ರಾಂ ಬರೆಯೋದು ಅಂಥ ಕಷ್ಟ ಅಲ್ಲ. ಗುಂಡಿ ಮೇಲೆ ಏನು ಬರೀಬೇಕು ಅನ್ನೋದೇ ಕಷ್ಟ. ನನಗೆ ಅದು ತಿಳಿಯೋಕೆ ಇಪ್ಪತ್ಮೂರು ವರ್ಷ ಹಿಡೀತು’ ಎನ್ನುತ್ತಾರೆ ಅವರು.

ಹದಿನಾಲ್ಕು ನೋಟ್ ಪುಸ್ತಕಗಳನ್ನು ತಂಡದವರು ಒಂದೊಂದೇ ಸಾಲು ಓದಿ ಯಂತ್ರಕ್ಕೆ ಹೊಸ ಪಾಠ ಮಾಡುತ್ತಿದ್ದಾರೆ. ಅಕ್ಷರ ಓದಲಾಗದ ಕಡೆ ಮುಖ್ಯಸ್ಥೆಯೇ ‘ಪೊರಕೆ ಮತ್ತು ಬಕೆಟ್’ ಕೋಣೆಗೆ ಬಂದು ತಲೆಬಾಗಿಸಿ ಒಳಗೆ ನುಗ್ಗುತ್ತಾರೆ. ಕಳೆದ ತಿಂಗಳ ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತೊಂದು ಬಂತಂತೆ. ಮೊದಲಿಗಿಂತ ಕಡಿಮೆಯಾಯಿತಲ್ಲ ಎಂದರೆ ದೂರಿನಕ್ಕ ಹುಬ್ಬು ಹಾರಿಸುತ್ತಾರೆ. ‘ಈ ಎಂಬತ್ತೊಂದು ನಿಜವಾದ ಎಂಬತ್ತೊಂದು.’

ಕರಾರಿನ ಕಡತಕ್ಕೆ ಸಹಿ ಬಿತ್ತು, ಮತ್ತೆ ಹನ್ನೊಂದು ತಿಂಗಳು. ಅದೇ ಲಕೋಟೆಯಲ್ಲಿ, ವಿಷಯ ತಿಳಿದೂ ವರದಿ ಮಾಡದಿದ್ದುದಕ್ಕೆ ಕಾರಣ ಕೇಳಿ ಒಂದು ನೋಟಿಸೂ ಬಂತು. ಆಸ್ಪತ್ರೆಯವರು ಎರಡನ್ನೂ ಒಂದೇ ಪಿನ್ನಿನಲ್ಲಿ ಚುಚ್ಚಿದ್ದರು. ದೂರಿನಕ್ಕನಿಗೆ ಅದು ಅನ್ಯಾಯ ಎನಿಸಿಲ್ಲ, ಕೇಳುವವರಿಗೇ ಅನಿಸುತ್ತದೆ. ‘ಕೇಳಬೇಕಾದ್ದೇ ಅಲ್ವಾ? ಸಾವಿರದ ಏಳುನೂರು ಗಂಟೆ ನಾನು ಹಿಡಿದೆ. ನಾನು ಒತ್ತದೇ ಬಿಟ್ಟ ಗಂಟೆಗಳು ಎಷ್ಟೋ. ಅದರ ಪಕ್ಕ ಮಲಗಿದ್ದವರು ಯಾರ್ಯಾರೋ’ ಎನ್ನುವಾಗ ಅವರ ಕಣ್ಣು ತುಂಬಿಕೊಳ್ಳುತ್ತದೆ, ಒರೆಸಿಕೊಳ್ಳುವುದಿಲ್ಲ. ಉತ್ತರವಾಗಿ ಅವರು ಬರೆದದ್ದು ಸಭೆಯಲ್ಲಿ ಹೇಳಿದ್ದನ್ನೇ: ಹೆದರಿಕೆ.

ಯಂತ್ರ ನಿಮ್ಮ ಕೆಲಸ ಕಿತ್ತುಕೊಳ್ಳುತ್ತದೆ ಎಂಬ ಭಯವಿಲ್ಲವೇ ಎಂದು ಈಗ ಎಲ್ಲರೂ ಅವರನ್ನು ಕೇಳುತ್ತಾರೆ. ‘ಕಿತ್ಕೊಳ್ಳಲಿ. ಬೆಳಿಗ್ಗೆ ಎದ್ದು ಮೂರು ಮಹಡಿ ಹತ್ತಿ, ಒಂದು ಗಂಟೆ ಒತ್ತಿ ನೋಡಿ ಬರೋದಾದ್ರೆ ಖಂಡಿತ ಕಿತ್ಕೊಳ್ಳಲಿ. ಅಲ್ಲಿವರೆಗೂ ಅದು ಕೂತ್ಕೊಂಡು ಓದಲಿ, ನಾನು ಹತ್ತಿ ನೋಡ್ತೀನಿ.’ ಆಸೆ ಏನಾದರೂ ಇದೆಯೇ ಎಂದರೆ ತಲೆಯೆತ್ತಿ ಮೆಟ್ಟಿಲ ಕಡೆ ನೋಡುತ್ತಾರೆ. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಇಳಿದುಹೋಗುತ್ತದೆ. ‘ನಾನು ಬರದೇ ಇರೋ ದಿನಾನೂ ಗಂಟೆ ಹೊಡೀಬೇಕು. ಅಷ್ಟೇ. ಆಮೇಲೆ ನನ್ನನ್ನ ಯಾರೂ ನೆನೆಸ್ಕೊಳ್ಳದಿದ್ರೂ ನಡೆಯುತ್ತೆ.’

ಆದರೆ ಇವತ್ತು ಬಂದಿದ್ದಾರೆ. ಆರೂ ಕಾಲು. ಕಿಟಕಿಯಲ್ಲಿ ಬೆಳಕು ಬಿದ್ದಿದೆ. ಅಂಚೆಯಜ್ಜನ ಹೊದಿಕೆ ಸರಿಮಾಡಿ, ವಾರ್ಡಿನ ಬಾಗಿಲಲ್ಲಿ ನಿಂತು, ದಿನಾ ಮಾಡುವಂತೆ ಮನೆಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ಅತ್ತೆಯ ದನಿ ಪಕ್ಕದಲ್ಲಿದ್ದವರಿಗೂ ಕೇಳಿಸುವಷ್ಟು ದೊಡ್ಡದಾಗಿ ಬರುತ್ತದೆ.

‘ಅತ್ತೆ, ಬೆಳಗಿನ ಮಾತ್ರೆ?’

‘ಆಯ್ತು.’

‘ಯಾವ ಆಯ್ತು, ಅತ್ತೆ?’

ಆ ಕಡೆ ಕುರ್ಚಿ ಸರಿದ ಸದ್ದು. ಮಾತ್ರೆಯ ಹಾಳೆ ಚರ್ ಎಂದ ಸದ್ದು. ಲೋಟಕ್ಕೆ ನೀರು ಸುರಿದ ಸದ್ದು, ಗುಟುಕು, ಒಂದು ಸಣ್ಣ ಕೆಮ್ಮು.

‘ಈಗ ಆಯ್ತು ನೋಡು’ ಎನ್ನುತ್ತಾರೆ ಅತ್ತೆ.

ದೂರಿನಕ್ಕ ಫೋನನ್ನು ಚೀಲಕ್ಕೆ ಹಾಕಿ ಮೆಟ್ಟಿಲಿಳಿಯುತ್ತಾರೆ.